ಟ್ರ್ಯಾಕ್ಟರು ಸ್ಟಾರ್ಟ್ ಆಗದಿದ್ದಾಗ ಮೊದಲು ಏನು ನೋಡಬೇಕು?

(ಮುಂಗಾರು ಬಿತ್ತನೆಗೆ ಮೊದಲು ನಮ್ಮ ಬ್ಲಾಕಿನ ರೈತರ ಕೂಟದಲ್ಲಿ ಮಾಡಿದ ಭಾಷಣ)



ರೋಹಿಣಿ ಮಳೆ ಬಿದ್ದು ನೆಲ ಹದಕ್ಕೆ ಬಂದಿರುತ್ತದೆ. ಬೀಜ ಗೊಬ್ಬರ ಮನೆಯಲ್ಲಿ ಸಿದ್ಧವಾಗಿರುತ್ತವೆ. ಕೂರಿಗೆಯನ್ನು ಟ್ರ್ಯಾಕ್ಟರಿಗೆ ಹೂಡಿ ಆಗಿರುತ್ತದೆ. ಆಳುಗಳು ಬಂದು ಬದುವಿನ ಮೇಲೆ ಕುಳಿತಿರುತ್ತಾರೆ. ಅಂಥ ಹೊತ್ತಿನಲ್ಲಿ ಕೀಲಿಕೈ ತಿರುಗಿಸಿದರೆ ‘ಟಕ್’ ಎಂಬ ಒಂದು ಸದ್ದು. ಮುಂದೆ ಏನೂ ಇಲ್ಲ. ಟ್ರ್ಯಾಕ್ಟರು ಇರುವ ಮನೆಗಳಲ್ಲಿ ಈ ಅನುಭವ ಆಗದವರು ಕಡಿಮೆ.

ಹದ ಯಾರಿಗಾಗಿಯೂ ಕಾಯುವುದಿಲ್ಲ. ಕೆಂಪು ಮಣ್ಣಿನ ಹೊಲದಲ್ಲಿ ಎರಡು ಮೂರು ದಿನ ಬಿಸಿಲು ಬಿದ್ದರೆ ಮೇಲಿನ ತೇವ ಆರಿಹೋಗುತ್ತದೆ. ಇದನ್ನು ನೆನೆದು ರೈತನಿಗೆ ಆತುರ ಹುಟ್ಟುತ್ತದೆ. ಆ ಆತುರದಲ್ಲಿ ಅವನು ಮಾಡುವ ಕೆಲಸ ಸಾಮಾನ್ಯವಾಗಿ ಎರಡರಲ್ಲಿ ಒಂದು. ಒಂದೋ, ಪೇಟೆಗೆ ಓಡಿ ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ತರುತ್ತಾನೆ. ಇಲ್ಲವೇ, ಸ್ಕ್ರೂಡ್ರೈವರು ಹಿಡಿದು ಎಂಜಿನ್ನಿನ ಪಕ್ಕದಲ್ಲಿ ನೆಲದ ಮೇಲೆ ನಿಂತು ತಂತಿಗೆ ತಂತಿ ತಾಗಿಸುತ್ತಾನೆ. ಮೊದಲನೆಯದರಿಂದ ಹಣ ಹೋಗಬಹುದು. ಎರಡನೆಯದರಿಂದ ಪ್ರಾಣವೇ ಹೋಗಬಹುದು.

ಹೊಸ ಬ್ಯಾಟರಿ ಹಾಕಿಯೂ ಟ್ರ್ಯಾಕ್ಟರು ಸ್ಟಾರ್ಟ್ ಆಗದೆ, ಕಡೆಗೆ ಮೆಕ್ಯಾನಿಕ್ಕು ಬಂದು ತುಕ್ಕು ಹಿಡಿದ ಒಂದು ನಟ್ಟನ್ನು ಉಜ್ಜಿ ಬಿಗಿ ಮಾಡಿದೊಡನೆ ಹೊರಟ ಪ್ರಸಂಗಗಳು ಎಷ್ಟೋ ಇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ನೀವು ಬಲ್ಲಿರಿ. ಆದುದರಿಂದ ಈ ಹೊತ್ತು ನಾನು ಹೇಳಬೇಕೆಂದಿರುವುದು ಇಷ್ಟೆ: ರೋಗ ಎಲ್ಲಿದೆಯೆಂದು ತಿಳಿಯುವವರೆಗೆ ಹಣ ಬಿಚ್ಚಬೇಡಿ. ರೋಗ ತಿಳಿಯುವುದಕ್ಕೆ ಕಣ್ಣು, ಕಿವಿ, ಕೈ ಮತ್ತು ಒಂದು ಚಿಕ್ಕ ದೀಪ ಸಾಕು. ಅರ್ಧ ಗಂಟೆಯ ಕೆಲಸ.

ವಿದ್ಯುತ್ತು ಹರಿಯುವ ದಾರಿ

ಮೊದಲು ಟ್ರ್ಯಾಕ್ಟರಿನಲ್ಲಿ ವಿದ್ಯುತ್ತು ಹರಿಯುವ ದಾರಿಯನ್ನು ತಿಳಿದುಕೊಳ್ಳೋಣ. ಕೆರೆಯ ಕೆಳಗೆ ಬೇಸಾಯ ಮಾಡುವವರಿಗೆ ಇದು ಕಷ್ಟವಲ್ಲ.

ಬ್ಯಾಟರಿಯೇ ಕೆರೆ. ಕೀಲಿಕೈ ಹಾಕುವ ಸ್ವಿಚ್ಚು ತೂಬು. ದಪ್ಪ ಕೇಬಲ್ಲು ದೊಡ್ಡ ಕಾಲುವೆ, ಸಣ್ಣ ತಂತಿಗಳು ಕಿರುಗಾಲುವೆಗಳು. ನಾವು ‘ಸೆಲ್ಫ್’ ಎಂದು ಕರೆಯುವ ಸ್ಟಾರ್ಟರ್ ಮೋಟಾರು ನೀರು ಮುಟ್ಟಬೇಕಾದ ಗದ್ದೆ. ಆದರೆ ಒಂದು ವ್ಯತ್ಯಾಸವುಂಟು. ಗದ್ದೆಗೆ ಬಿಟ್ಟ ನೀರು ಕೆರೆಗೆ ಹಿಂದಿರುಗಬೇಕಾಗಿಲ್ಲ. ವಿದ್ಯುತ್ತು ಮಾತ್ರ ಬ್ಯಾಟರಿಯಿಂದ ಹೊರಟು ಸೆಲ್ಫಿನಲ್ಲಿ ಕೆಲಸ ಮಾಡಿ, ಎಂಜಿನ್ನಿನ ಲೋಹದ ಮೂಲಕ, ಅರ್ಥ್ ಕೇಬಲ್ಲಿನ ಮೂಲಕ ಬ್ಯಾಟರಿಗೇ ಹಿಂದಿರುಗಬೇಕು. ಹೋಗುವ ದಾರಿ ಎಷ್ಟು ಮುಖ್ಯವೋ ಬರುವ ದಾರಿಯೂ ಅಷ್ಟೇ ಮುಖ್ಯ. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ಬರುವ ದಾರಿಯಾದ ಅರ್ಥ್ ಕೇಬಲ್ಲನ್ನು ನೋಡುವವರು ಕಡಿಮೆ. ಮಣ್ಣು, ಎಣ್ಣೆ, ಬಣ್ಣ, ತುಕ್ಕು ಸೇರಿ ಅಲ್ಲಿಯೇ ದಾರಿ ಕಟ್ಟಿಕೊಳ್ಳುತ್ತದೆ.

ಇನ್ನೊಂದು ಮಾತು. ಕೀಲಿಕೈ ತಿರುಗಿಸಿದಾಗ ಸ್ವಿಚ್ಚಿನ ಮೂಲಕ ಹೋಗುವುದು ಸ್ವಲ್ಪವೇ ವಿದ್ಯುತ್ತು. ಅದು ಕ್ಲಚ್ಚಿನ ಅಥವಾ ಗೇರಿನ ಬಳಿ ಇರುವ ರಕ್ಷಣಾ ಸ್ವಿಚ್ಚನ್ನು ದಾಟಿ ಸೆಲ್ಫಿನ ಮೇಲಿರುವ ಸೊಲೆನಾಯ್ಡಿಗೆ ಅಪ್ಪಣೆ ಮುಟ್ಟಿಸುತ್ತದೆ. ಸೊಲೆನಾಯ್ಡು ‘ಟಕ್’ ಎಂದು ಎಳೆದು ದೊಡ್ಡ ಕಾಲುವೆಯ ತೂಬನ್ನು ತೆರೆಯುತ್ತದೆ. ಹೀಗೆ ಅಪ್ಪಣೆಯ ದಾರಿ ಒಂದು, ಬಲದ ದಾರಿ ಮತ್ತೊಂದು. ಕೆಟ್ಟಿರುವುದು ಯಾವ ದಾರಿ ಎಂದು ಮೊದಲು ಬೇರ್ಪಡಿಸಿದರೆ ಅರ್ಧ ಕೆಲಸ ಮುಗಿದಂತೆ.

ದೀಪ ಹತ್ತಿದರೂ ಸೆಲ್ಫ್ ತಿರುಗದೇಕೆ?

‘ದೀಪ ಚೆನ್ನಾಗಿ ಉರಿಯುತ್ತದೆ, ಹಾರನ್ನು ಕೂಗುತ್ತದೆ, ಆದುದರಿಂದ ಕರೆಂಟು ಸರಿಯಾಗಿದೆ’ ಎಂದು ಅನೇಕರು ಹೇಳುತ್ತಾರೆ. ಈ ಮಾತನ್ನು ನಂಬಬಾರದು. ಏಕೆಂದರೆ ಮುಂದಿನ ಎರಡು ದೀಪಗಳು ಸೇರಿ ಎಳೆಯುವುದು ಸುಮಾರು 9 ಆಂಪಿಯರ್ ಮಾತ್ರ. ಸೆಲ್ಫ್ ಎಂಜಿನ್ನನ್ನು ತಿರುಗಿಸುವಾಗ 200 ಆಂಪಿಯರಿಗೂ ಹೆಚ್ಚು ಎಳೆಯಬಲ್ಲದು.

ಕಾಲುವೆಗೆ ಹೂಳು ತುಂಬಿ ಬೆರಳಗಲ ಸಂದಿ ಉಳಿದಿದೆಯೆನ್ನಿ. ಸೊಪ್ಪಿನ ಮಡಿಗೆ ಆ ನೀರು ಸಾಕು. ಭತ್ತದ ಗದ್ದೆಗೆ ಸಾಲದು. ಇದನ್ನೇ ಲೆಕ್ಕದಲ್ಲಿ ನೋಡೋಣ. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ ಒಂದು ಓಮಿನ ಐವತ್ತರಲ್ಲಿ ಒಂದು ಪಾಲು ಮಾತ್ರ ತಡೆ ಇದೆ ಎಂದಿಟ್ಟುಕೊಳ್ಳಿ. ದೀಪದ 9 ಆಂಪಿಯರ್ ಅದನ್ನು ದಾಟುವಾಗ ನಷ್ಟವಾಗುವುದು ಒಂದು ವೋಲ್ಟಿನ ಐದನೆಯ ಒಂದು ಪಾಲಿಗಿಂತ ಕಡಿಮೆ. ಅದು ಕಣ್ಣಿಗೆ ಕಾಣುವುದೇ ಇಲ್ಲ. ಅದೇ ಜೋಡಣೆಯಲ್ಲಿ 200 ಆಂಪಿಯರ್ ಹರಿಯಬೇಕಾದರೆ 4 ವೋಲ್ಟು ಅಲ್ಲಿಯೇ ಮುಗಿದುಹೋಗುತ್ತದೆ. 12 ವೋಲ್ಟಿನಲ್ಲಿ 4 ವೋಲ್ಟು ದಾರಿಯಲ್ಲೇ ಹೋದರೆ ಸೆಲ್ಫ್ ಹೇಗೆ ತಿರುಗೀತು? ಬ್ಯಾಟರಿ ಒಳ್ಳೆಯದು, ಸೆಲ್ಫೂ ಒಳ್ಳೆಯದು. ಕೆಟ್ಟದ್ದು ನಡುವಿನ ಕಾಲುವೆ.

ಕೆಲಸಕ್ಕೆ ಕೈ ಹಾಕುವ ಮುನ್ನ

ಈ ಕೆಳಗಿನ ಜಾಗ್ರತೆಗಳನ್ನು ತಪ್ಪದೆ ಪಾಲಿಸಬೇಕು:

1. ಗೇರು ನ್ಯೂಟ್ರಲಿನಲ್ಲಿರಲಿ, ಬ್ರೇಕು ಹಾಕಿರಲಿ, ಪಿ.ಟಿ.ಓ. ಬಿಡಿಸಿರಲಿ. ಹಿಂದಿನ ಉಪಕರಣವನ್ನು ನೆಲಕ್ಕಿಳಿಸಿ. ಚಕ್ರಕ್ಕೆ ಕಲ್ಲು ಕೊಡಿ.
2. ಕೀಲಿಕೈ ತಿರುಗಿಸುವವರು ಸೀಟಿನ ಮೇಲೆ ಕುಳಿತೇ ತಿರುಗಿಸಬೇಕು. ಮಕ್ಕಳನ್ನು ದೂರ ಕಳುಹಿಸಿ.
3. ಬೀಡಿ ಸಿಗರೇಟು ಬೇಡ. ಬ್ಯಾಟರಿ ಚಾರ್ಜಾಗುವಾಗ ಜಲಜನಕವೆಂಬ ಅನಿಲ ಹೊರಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೂ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಬ್ಯಾಟರಿ ಸಿಡಿದರೆ ಆಮ್ಲ ಮುಖಕ್ಕೇ ಹಾರುತ್ತದೆ.
4. ಕೈಯ ಉಂಗುರ, ಕಡಗ, ಲೋಹದ ಗಡಿಯಾರ ಬಿಚ್ಚಿಡಿ. ಸ್ಪ್ಯಾನರು ಒಂದೇ ಕಾಲಕ್ಕೆ ಪ್ಲಸ್ ತುದಿಗೂ ಎಂಜಿನ್ನಿನ ಲೋಹಕ್ಕೂ ತಾಗಕೂಡದು.
5. ಒಂದು ಕೊಡ ಶುದ್ಧ ನೀರು ಹತ್ತಿರದಲ್ಲಿರಲಿ. ಆಮ್ಲ ಮೈಗೆ ಬಿದ್ದರೆ ಕೂಡಲೇ ಧಾರಾಳವಾಗಿ ನೀರು ಸುರಿಯಬೇಕು. ಕಣ್ಣಿಗೆ ಬಿದ್ದರೆ ಕಾಲು ಗಂಟೆ ನೀರಿನಿಂದ ತೊಳೆಯುತ್ತಾ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೊದಲು ಕಿವಿಗೊಟ್ಟು ಕೇಳಿ

ಹಸು ಮೇವು ಬಿಟ್ಟರೆ ಅದರ ನರಳಾಟ, ಉಸಿರು ಕೇಳಿ ರೋಗವನ್ನು ಊಹಿಸುತ್ತೀರಿ. ಟ್ರ್ಯಾಕ್ಟರಿನದೂ ಹಾಗೆಯೇ. ಕೀಲಿಕೈ ತಿರುಗಿಸಿದಾಗ ಬರುವ ಸದ್ದು ಐದು ಬಗೆ:

ಒಂದು: ಸದ್ದೂ ಇಲ್ಲ, ಡ್ಯಾಶ್ ಬೋರ್ಡಿನ ದೀಪವೂ ಇಲ್ಲ. ಬ್ಯಾಟರಿ ಪೂರ್ತಿ ಬರಿದಾಗಿದೆ, ಇಲ್ಲವೇ ಟರ್ಮಿನಲ್ಲು ಕಳಚಿದೆ, ಇಲ್ಲವೇ ಮುಖ್ಯ ಫ್ಯೂಸು ಹೋಗಿದೆ.

ಎರಡು: ದೀಪ ಹತ್ತುತ್ತದೆ, ಸೆಲ್ಫಿನ ಕಡೆಯಿಂದ ಸದ್ದೇ ಇಲ್ಲ. ಅಪ್ಪಣೆಯ ದಾರಿ ಕಡಿದಿರಬಹುದು. ಕೀಲಿಕೈ ಸ್ವಿಚ್ಚು, ಕ್ಲಚ್ಚಿನ ರಕ್ಷಣಾ ಸ್ವಿಚ್ಚು, ಸಣ್ಣ ತಂತಿ, ರಿಲೇ, ಸೊಲೆನಾಯ್ಡು, ಇವನ್ನು ನೋಡಬೇಕು.

ಮೂರು: ‘ಟಕಟಕಟಕ’ ಎಂದು ಬಿಡದೆ ಬಡಿಯುತ್ತದೆ. ಅಪ್ಪಣೆ ಮುಟ್ಟಿದೆ, ಬಲ ಸಾಲದು. ಬ್ಯಾಟರಿ ಇಳಿದಿದೆ ಅಥವಾ ದೊಡ್ಡ ಕೇಬಲ್ಲಿನ ಜೋಡಣೆ ಸಡಿಲವಾಗಿದೆ.

ನಾಲ್ಕು: ‘ಟಕ್’ ಎಂದು ಒಂದೇ ಸಲ ಸದ್ದಾಗಿ ನಿಲ್ಲುತ್ತದೆ, ಅಥವಾ ಎಂಜಿನ್ನು ಮುಲುಗುತ್ತಾ ನಿಧಾನವಾಗಿ ತಿರುಗುತ್ತದೆ. ಬ್ಯಾಟರಿ, ಕೇಬಲ್ಲು, ಅರ್ಥ್, ಸೆಲ್ಫ್, ಈ ನಾಲ್ಕರಲ್ಲಿ ಒಂದು. ಅಪರೂಪಕ್ಕೆ ಎಂಜಿನ್ನೇ ಜಾಮ್ ಆಗಿರುವುದೂ ಉಂಟು.

ಐದು: ಎಂಜಿನ್ನು ಚುರುಕಾಗಿ ತಿರುಗುತ್ತದೆ, ಆದರೆ ಉರಿ ಹಿಡಿಯುವುದಿಲ್ಲ. ಹೀಗಾದರೆ ಬ್ಯಾಟರಿಯನ್ನೂ ಸೆಲ್ಫನ್ನೂ ಮುಟ್ಟಬೇಡಿ. ಅವು ತಮ್ಮ ಕೆಲಸ ಮಾಡಿವೆ. ಡೀಸೆಲ್ ಇದೆಯೇ, ಫಿಲ್ಟರು ಕಟ್ಟಿದೆಯೇ, ಪೈಪಿನಲ್ಲಿ ಗಾಳಿ ಸೇರಿದೆಯೇ, ಎಂಜಿನ್ ನಿಲ್ಲಿಸುವ ಗುಂಡಿ ಎಳೆದ ಹಾಗೆಯೇ ಉಳಿದಿದೆಯೇ ಎಂದು ನೋಡಿ. ಕೆಲವು ಟ್ರ್ಯಾಕ್ಟರುಗಳಲ್ಲಿ ಡೀಸೆಲ್ ಬಿಡುವ, ತಡೆಯುವ ಕೆಲಸವನ್ನು ಒಂದು ವಿದ್ಯುತ್ ಕವಾಟ ಮಾಡುತ್ತದೆ. ಅದರ ತಂತಿ ಕಳಚಿದ್ದರೂ ಹೀಗೆಯೇ ಆಗುತ್ತದೆ.

ದೀಪ ಹಚ್ಚಿ ನೋಡುವ ಪರೀಕ್ಷೆ

ಇದಕ್ಕೆ ಕಾಸಿನ ಖರ್ಚಿಲ್ಲ. ಮುಂದಿನ ದೀಪ ಹಚ್ಚಿ. ಮನೆಯವರಲ್ಲಿ ಒಬ್ಬರು ಸೀಟಿನ ಮೇಲೆ ಕುಳಿತು ಕೀಲಿಕೈ ತಿರುಗಿಸಲಿ. ನೀವು ಚಕ್ರದ ದಾರಿಗೆ ಅಡ್ಡ ನಿಲ್ಲದೆ, ಪಕ್ಕಕ್ಕೆ ದೂರ ನಿಂತು ದೀಪವನ್ನು ನೋಡಿ.

ದೀಪದ ಬೆಳಕು ಸ್ವಲ್ಪವೂ ಕುಂದದೆ, ಸೆಲ್ಫೂ ಸುಮ್ಮನಿದ್ದರೆ, ವಿದ್ಯುತ್ತು ಸೆಲ್ಫಿನ ಕಡೆಗೆ ಹೊರಟೇ ಇಲ್ಲ. ಅಪ್ಪಣೆಯ ದಾರಿಯನ್ನು ಹುಡುಕಿ.

ದೀಪ ಕೆಂಪಾಗಿ ಮಂಕಾದರೆ ಬ್ಯಾಟರಿ ಇಳಿದಿರಬಹುದು, ಇಲ್ಲವೇ ಸೆಲ್ಫ್ ಸಿಕ್ಕಿಕೊಂಡು ವಿಪರೀತ ಎಳೆಯುತ್ತಿರಬಹುದು.

ಚೆನ್ನಾಗಿ ಉರಿಯುತ್ತಿದ್ದ ದೀಪ ಫಕ್ಕನೆ ಆರಿಹೋಗಿ, ಕೀಲಿಕೈ ಬಿಟ್ಟಮೇಲೆ ಮತ್ತೆ ಹತ್ತಿದರೆ, ಮೊದಲು ಬ್ಯಾಟರಿಯ ಟರ್ಮಿನಲ್ಲುಗಳನ್ನೇ ಸಂಶಯಿಸಬೇಕು.

ಜೋಡಣೆಗಳನ್ನು ಕೈಯಿಂದ ಮುಟ್ಟಿ ನೋಡಿ

ಬ್ಯಾಟರಿಯ ಎರಡು ತುದಿ, ಸೆಲ್ಫಿನ ಮೇಲಿನ ದಪ್ಪ ಕೇಬಲ್ಲಿನ ತುದಿ, ಅರ್ಥ್ ಕೇಬಲ್ಲು ಎಂಜಿನ್ನಿಗೆ ಸೇರುವ ತುದಿ, ಈ ನಾಲ್ಕು ಜಾಗಗಳನ್ನು ನೋಡಬೇಕು. ಟರ್ಮಿನಲ್ಲಿನ ಮೇಲೆ ಬಿಳಿಯ ಅಥವಾ ಹಸಿರು ಬಣ್ಣದ ಪುಡಿ ಕೂತಿದ್ದರೆ ಅದೇ ಹೂಳು. ಕೀಲಿಕೈ ತೆಗೆದು ಕೇಬಲ್ಲನ್ನು ಹಿಡಿದು ತಿರುಚಿ ನೋಡಿ. ಟರ್ಮಿನಲ್ಲು ಅಲ್ಲಾಡಿದರೆ ಅದು ಬಿಗಿಯಾಗಿಲ್ಲ.

ಹಳೆಯ ಮೆಕ್ಯಾನಿಕ್ಕುಗಳು ಬಲ್ಲ ಒಂದು ಉಪಾಯವನ್ನೂ ಹೇಳುತ್ತೇನೆ. ಹತ್ತು ಸೆಕೆಂಡು ಸೆಲ್ಫ್ ಹೊಡೆದು, ಕೀಲಿಕೈ ತೆಗೆದು, ಈ ನಾಲ್ಕು ಜಾಗಗಳಿಗೆ ಮೆಲ್ಲಗೆ ಬೆರಳ ಹಿಂಬದಿ ತಾಗಿಸಿ. ಮಿಕ್ಕ ಮೂರು ತಣ್ಣಗಿದ್ದು ಒಂದು ಬಿಸಿಯಾಗಿದ್ದರೆ ಕಳ್ಳ ಅಲ್ಲಿದ್ದಾನೆ. ಸೆಲ್ಫಿಗೆ ಸೇರಬೇಕಾದ ಶಕ್ತಿ ಅಲ್ಲಿ ಶಾಖವಾಗಿ ಹೋಗುತ್ತಿದೆ.

ಶುಚಿ ಮಾಡುವ ಕ್ರಮ ಹೀಗೆ: ಎಂಜಿನ್ನಿನ ಲೋಹಕ್ಕೆ ಸೇರಿದ ತುದಿಯನ್ನು, ಅಂದರೆ ಸಾಮಾನ್ಯವಾಗಿ ಮೈನಸ್ ತುದಿಯನ್ನು, ಮೊದಲು ಬಿಚ್ಚಬೇಕು. ಹಾಕುವಾಗ ಅದನ್ನು ಕಡೆಯಲ್ಲಿ ಹಾಕಬೇಕು. ಈ ಕ್ರಮವಿದ್ದರೆ ಸ್ಪ್ಯಾನರು ತಪ್ಪಿ ತಾಗಿದರೂ ಕಿಡಿ ಏಳುವುದಿಲ್ಲ. ಅಡಿಗೆ ಸೋಡಾ ಕದಡಿದ ಬಿಸಿನೀರಿನಿಂದ ಪುಡಿಯನ್ನು ತೊಳೆಯಿರಿ. ಆ ನೀರು ಬ್ಯಾಟರಿಯ ಒಳಕ್ಕೆ ಹೋಗಕೂಡದು. ಎಮರಿ ಕಾಗದದಿಂದ ಉಜ್ಜಿ ಸೀಸ ಹೊಳೆಯುವಂತೆ ಮಾಡಿ. ಬಿಗಿಯಾಗಿ ಸೇರಿಸಿ. ಆಮೇಲೆ ಮೇಲ್ಗಡೆ ವ್ಯಾಸಲೀನು ಸವರಿ. ಸೇರಿಸುವ ಮೊದಲೇ ದಪ್ಪಗೆ ಬಳಿಯುವುದು ಸರಿಯಲ್ಲ. ಟರ್ಮಿನಲ್ಲನ್ನು ಕಲ್ಲಿನಿಂದ ಬಡಿದು ಕೂರಿಸುವುದಂತೂ ಕೂಡದು. ಒಳಗಿನ ಪಟ್ಟಿಗಳು ಮುರಿಯುತ್ತವೆ.

ಅರ್ಥ್ ಕೇಬಲ್ಲಿನ ಮೇಲೆ ಸಂಶಯವಿದ್ದರೆ, ಬ್ಯಾಟರಿಯ ಮೈನಸ್ ತುದಿಯಿಂದ ಎಂಜಿನ್ನಿನ ಬಣ್ಣವಿಲ್ಲದ ಗಟ್ಟಿ ಲೋಹಕ್ಕೆ ಒಂದು ದಪ್ಪ ಜಂಪರ್ ಕೇಬಲ್ಲು ಕಟ್ಟಿ, ಸೀಟಿನ ಮೇಲಿಂದ ಕೀಲಿಕೈ ತಿರುಗಿಸಿ. ಸೆಲ್ಫ್ ಚುರುಕಾಗಿ ತಿರುಗಿದರೆ ತಪ್ಪು ಅರ್ಥ್ ಕೇಬಲ್ಲಿನದೇ. ಬ್ಯಾಟರಿಯ ದುಡ್ಡು ಉಳಿಯಿತು!

ಬ್ಯಾಟರಿಯನ್ನು ಅಳೆಯುವುದು

ಜೋಡಣೆಗಳೆಲ್ಲ ಸರಿಯಾಗಿದ್ದರೆ ಆಗ ಬ್ಯಾಟರಿಯ ಸರದಿ. ನಾವು ಬಳಸುವ ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಎಂಬ ವಿಜ್ಞಾನಿ ಮೊದಲು ಮಾಡಿದನು. ಅದರೊಳಗೆ ಆರು ಕೋಣೆಗಳುಂಟು. ಒಂದೊಂದು ಕೋಣೆ ಸುಮಾರು 2.1 ವೋಲ್ಟು ಕೊಡುತ್ತದೆ. ಆರು ಸೇರಿ 12.6 ವೋಲ್ಟು.

ಒಂದು ಮಲ್ಟಿಮೀಟರನ್ನು ನಾಲ್ಕಾರು ಮನೆಯವರು ಸೇರಿ, ಅಥವಾ ಊರಿನ ಯುವಕ ಸಂಘದವರು, ಕೊಂಡಿಟ್ಟುಕೊಂಡರೆ ಒಳ್ಳೆಯದು. ಎಂಜಿನ್ನು ನಿಂತು ಕೆಲವು ಗಂಟೆಗಳಾದ ಮೇಲೆ ಬ್ಯಾಟರಿಯ ಎರಡು ತುದಿಗಳಿಗೆ ಮೀಟರು ಹಿಡಿದು ನೋಡಿ. 12.6 ವೋಲ್ಟು ಇದ್ದರೆ ಪೂರ್ತಿ ತುಂಬಿದೆ. 12.4 ಇದ್ದರೆ ಸುಮಾರು ಮುಕ್ಕಾಲು ಪಾಲು, 12.2 ಇದ್ದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿಳಿದಿದ್ದರೆ ಬಹುಪಾಲು ಬರಿದಾಗಿದೆ, ಚಾರ್ಜು ಮಾಡಿಸಬೇಕು.

ಇಷ್ಟೇ ಸಾಲದು. ಸೆಲ್ಫ್ ಹೊಡೆಯುತ್ತಿರುವಾಗಲೂ ನೋಡಬೇಕು. ಆಗ ಮುಳ್ಳು ಸುಮಾರು 9.6 ವೋಲ್ಟಿಗಿಂತ ಕೆಳಗೆ ಬೀಳಬಾರದು. ನಿಂತಾಗ 12.6 ತೋರಿಸಿ, ಸೆಲ್ಫ್ ಹೊಡೆದೊಡನೆ 7ಕ್ಕೋ 6ಕ್ಕೋ ಬಿದ್ದರೆ, ಬ್ಯಾಟರಿಯ ಒಳಗೆ ಕೆಟ್ಟಿರಬಹುದು; ಅಥವಾ ಸೆಲ್ಫ್ ಮಿತಿಮೀರಿ ಎಳೆಯುತ್ತಿರಬಹುದು. ಬೇರೊಂದು ಒಳ್ಳೆಯ 12 ವೋಲ್ಟಿನ ಬ್ಯಾಟರಿ ಹಾಕಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ಮುಳ್ಳು 12ರ ಹತ್ತಿರವೇ ನಿಂತು ಸೆಲ್ಫ್ ಮಾತ್ರ ತಿರುಗದಿದ್ದರೆ ಬ್ಯಾಟರಿ ನಿರ್ದೋಷಿ. ತಪ್ಪು ಮುಂದಿದೆ.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರಾಮೀಟರಿನಿಂದ ಆರೂ ಕೋಣೆಗಳನ್ನು ನೋಡಬಹುದು. ಐದು ಕೋಣೆಗಳು ಒಂದೇ ಸಮನಾಗಿದ್ದು ಒಂದು ಮಾತ್ರ ಬಹಳ ಕಡಿಮೆ ತೋರಿಸಿದರೆ ಆ ಕೋಣೆ ಸತ್ತಿದೆ, ಬ್ಯಾಟರಿ ಬದಲಿಸಲೇಬೇಕು. ಆರೂ ಒಂದೇ ಸಮನಾಗಿ ಇಳಿದಿದ್ದರೆ ಅದು ಹಸಿದಿದೆ ಅಷ್ಟೆ. ಚಾರ್ಜು ಮಾಡಿಸಿ ನೋಡಿ. ಹಸಿದ ಎತ್ತನ್ನು ಮುದಿಯೆತ್ತೆಂದು ಸಂತೆಗೆ ಹೊಡೆಯುವ ರೈತ ನಮ್ಮಲ್ಲಿಲ್ಲ.

ಅಪ್ಪಣೆ ಮುಟ್ಟಿದೆಯೇ?

ದೀಪ ಕುಂದದೆ ಸೆಲ್ಫ್ ಸುಮ್ಮನಿದ್ದ ಪಕ್ಷದಲ್ಲಿ ಅಪ್ಪಣೆಯ ದಾರಿಯನ್ನು ಪರೀಕ್ಷಿಸಬೇಕು. ಮೊದಲು ಸುಲಭದ್ದನ್ನು ನೋಡಿ. ಕ್ಲಚ್ಚನ್ನು ಪೂರ್ತಿ ಒತ್ತಿದ್ದೀರಾ? ಗೇರು ಮತ್ತು ಪಿ.ಟಿ.ಓ. ನ್ಯೂಟ್ರಲಿನಲ್ಲಿವೆಯೇ? ರಕ್ಷಣಾ ಸ್ವಿಚ್ಚಿರುವ ಟ್ರ್ಯಾಕ್ಟರು ಇವಿಲ್ಲದೆ ಸ್ಟಾರ್ಟ್ ಆಗುವುದಿಲ್ಲ, ಆಗಲೂಬಾರದು. ಆಮೇಲೆ ಫ್ಯೂಸು ನೋಡಿ. ಹುಲ್ಲಿನ ಬಣವೆಯ ಪಕ್ಕದಲ್ಲಿ ನಿಲ್ಲಿಸುವ ಟ್ರ್ಯಾಕ್ಟರಾದರೆ ಇಲಿ ತಂತಿ ಕಡಿದಿದೆಯೇ ಎಂದು ನೋಡಿ.

ಬಳಿಕ ಪರೀಕ್ಷಾ ದೀಪವನ್ನು ತೆಗೆದುಕೊಳ್ಳಿ. 12 ವೋಲ್ಟಿನ ಒಂದು ಚಿಕ್ಕ ಬಲ್ಬು, ಹೋಲ್ಡರು, ಉದ್ದನೆಯ ಎರಡು ತಂತಿ, ತುದಿಗೆ ಕ್ಲಿಪ್ಪು. ಇಷ್ಟಾದರೆ ಪರೀಕ್ಷಾ ದೀಪ ಆಯಿತು. ಕೀಲಿಕೈ ತೆಗೆದಿರುವಾಗಲೇ ಒಂದು ಕ್ಲಿಪ್ಪನ್ನು ಎಂಜಿನ್ನಿನ ಲೋಹಕ್ಕೂ, ಇನ್ನೊಂದನ್ನು ಸೊಲೆನಾಯ್ಡಿಗೆ ಬರುವ ಸಣ್ಣ ತಂತಿಯ ತುದಿಗೂ ಸಿಕ್ಕಿಸಿ. ಬಲ್ಬನ್ನು ದೂರಕ್ಕೆ ಎಳೆದುಕೊಂಡು ಚಕ್ರಗಳಿಂದ ಆಚೆ ನಿಲ್ಲಿ. ಈಗ ಸೀಟಿನ ಮೇಲಿದ್ದವರು ಕೀಲಿಕೈ ತಿರುಗಿಸಲಿ.

ಬಲ್ಬು ಹತ್ತಿತು, ‘ಟಕ್’ ಎನ್ನಲಿಲ್ಲ. ಹಾಗಾದರೆ ಅಪ್ಪಣೆ ಮುಟ್ಟಿದೆ, ಸೊಲೆನಾಯ್ಡು ಕೆಟ್ಟಿದೆ. ಬಲ್ಬು ಹತ್ತಲೇ ಇಲ್ಲ. ಹಾಗಾದರೆ ತಪ್ಪು ಹಿಂದೆ ಇದೆ. ಇದೇ ರೀತಿ ರಕ್ಷಣಾ ಸ್ವಿಚ್ಚಿನ ಆಚೆ ಈಚೆ, ಕೀಲಿಕೈ ಸ್ವಿಚ್ಚಿನ ಆಚೆ ಈಚೆ ನೋಡುತ್ತಾ ಹಿಂದಕ್ಕೆ ಬನ್ನಿ. ಕಾಲುವೆಯಲ್ಲಿ ನೀರು ಎಲ್ಲಿ ನಿಂತಿತೆಂದು ಬದುವಿನ ಮೇಲೆ ನಡೆದು ನೋಡುವ ಹಾಗೆಯೇ ಇದು.

ನೆಲದ ಮೇಲೆ ನಿಂತು ಎಂದಿಗೂ ಸ್ಟಾರ್ಟ್ ಮಾಡಬೇಡಿ

ಈಗ ಹೇಳುವ ಮಾತನ್ನು ಮಿಕ್ಕೆಲ್ಲ ಮರೆತರೂ ನೆನಪಿನಲ್ಲಿಡಿ. ಸೆಲ್ಫಿನ ಎರಡು ತುದಿಗಳಿಗೆ ಸ್ಕ್ರೂಡ್ರೈವರು ಅಡ್ಡ ಹಿಡಿದರೆ ಸೆಲ್ಫ್ ತಿರುಗುತ್ತದೆ, ಇದು ನಿಜ. ಆದರೆ ಹಾಗೆ ಮಾಡಿದಾಗ ವಿದ್ಯುತ್ತು ರಕ್ಷಣಾ ಸ್ವಿಚ್ಚನ್ನು ದಾಟದೆ ಅಡ್ಡದಾರಿ ಹಿಡಿಯುತ್ತದೆ. ಗೇರು ಬಿದ್ದಿದ್ದರೂ ಎಂಜಿನ್ನು ಹೊತ್ತಿಕೊಳ್ಳುತ್ತದೆ, ಹೊತ್ತಿಕೊಂಡೊಡನೆ ಟ್ರ್ಯಾಕ್ಟರು ಚಲಿಸುತ್ತದೆ. ಸೆಲ್ಫ್ ಇರುವುದು ಎಂಜಿನ್ನಿನ ಪಕ್ಕದಲ್ಲಿ. ಅಲ್ಲಿ ಬಗ್ಗಿ ನಿಂತವನ ಬೆನ್ನಿಗೆ ಹಿಂದಿನ ದೊಡ್ಡ ಚಕ್ರವಿದೆ. ಪಕ್ಕಕ್ಕೆ ಹಾರಲು ಅವಕಾಶ ಸಿಕ್ಕುವುದಿಲ್ಲ. ಸೀಟಿನ ಮೇಲೆ ಬ್ರೇಕು ಒತ್ತುವವರು ಇರುವುದಿಲ್ಲ.

‘ನ್ಯೂಟ್ರಲಿನಲ್ಲಿದೆ, ನನಗೆ ಗೊತ್ತು’ ಎಂಬ ಧೈರ್ಯದಿಂದಲೇ ಎಲ್ಲರೂ ಈ ಕೆಲಸಕ್ಕೆ ಇಳಿಯುತ್ತಾರೆ. ನಿನ್ನೆ ಸಂಜೆ ಮನೆಯ ಹುಡುಗ ಗೇರು ಹಾಕಿ ನಿಲ್ಲಿಸಿರಬಹುದು. ಬಿತ್ತನೆ ಒಂದು ದಿನ ತಡವಾದರೆ ಮತ್ತೊಂದು ಮಳೆ ಬರುತ್ತದೆ. ಹೋದ ಜೀವ ಬರುವುದಿಲ್ಲ. ರಕ್ಷಣಾ ಸ್ವಿಚ್ಚು ಕೆಟ್ಟಿತೆಂದು ಅದರ ತಂತಿಗಳನ್ನು ಒಟ್ಟಿಗೆ ತಿರುಚಿ ಕಟ್ಟಿಬಿಡುವುದೂ ಇದೇ ಅಪಾಯಕ್ಕೆ ದಾರಿ. ಅದನ್ನು ಬದಲಿಸಿ.

ದಿನವೂ ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಉರುಳಿಸಿ ಸ್ಟಾರ್ಟ್ ಮಾಡುವ ಅಭ್ಯಾಸವೂ ಒಳ್ಳೆಯದಲ್ಲ. ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಎಂಜಿನ್ನು ಹಿಡಿಯದೆ ಟ್ರ್ಯಾಕ್ಟರು ವೇಗವಾದರೆ ನಿಲ್ಲಿಸುವುದು ಕಷ್ಟ. ರೋಗವೂ ಹಾಗೆಯೇ ಉಳಿಯುತ್ತದೆ.

ಬೇರೆ ಬ್ಯಾಟರಿಯ ಸಹಾಯ ಪಡೆಯುವ ಕ್ರಮ

ಬ್ಯಾಟರಿ ಇಳಿದಿದೆಯೆಂದು ಖಚಿತವಾದರೆ ನೆರೆಯವರ ಟ್ರ್ಯಾಕ್ಟರಿನಿಂದ ಸಹಾಯ ಪಡೆಯಬಹುದು. ಎರಡೂ 12 ವೋಲ್ಟಿನವೇ ಆಗಿರಬೇಕು. ಲಾರಿ, ಬಸ್ಸುಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ ಸೇರಿ 24 ವೋಲ್ಟು ಇರುತ್ತದೆ. ಅದನ್ನು ಟ್ರ್ಯಾಕ್ಟರಿಗೆ ಸೇರಿಸಕೂಡದು. ಎರಡು ಗಾಡಿಗಳು ಒಂದಕ್ಕೊಂದು ತಾಗಬಾರದು. ಬ್ಯಾಟರಿ ಉಬ್ಬಿದ್ದರೆ, ಒಡೆದಿದ್ದರೆ ಈ ಪ್ರಯತ್ನವೇ ಬೇಡ.

ಮೊದಲು ಕೆಂಪು ಕೇಬಲ್ಲು: ಇಳಿದ ಬ್ಯಾಟರಿಯ ಪ್ಲಸ್ಸಿನಿಂದ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ. ಆಮೇಲೆ ಕಪ್ಪು ಕೇಬಲ್ಲು: ಒಳ್ಳೆಯ ಬ್ಯಾಟರಿಯ ಮೈನಸ್ಸಿನಿಂದ, ಕೆಟ್ಟು ನಿಂತ ಟ್ರ್ಯಾಕ್ಟರಿನ ಎಂಜಿನ್ನಿನ ಗಟ್ಟಿ ಲೋಹಕ್ಕೆ. ಈ ಕಡೆಯ ತುದಿಯನ್ನು ಬ್ಯಾಟರಿಯ ಮೇಲೆ ಇಡಬಾರದು. ಕಡೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಅದು ಬ್ಯಾಟರಿಯ ಅನಿಲದಿಂದ ದೂರವಿರಬೇಕು. ಸ್ಟಾರ್ಟ್ ಆದಮೇಲೆ ಹಾಕಿದ ಕ್ರಮಕ್ಕೆ ವಿರುದ್ಧ ಕ್ರಮದಲ್ಲಿ ತೆಗೆಯಿರಿ. ನಿಮ್ಮ ಟ್ರ್ಯಾಕ್ಟರು ಪ್ಲಸ್ ತುದಿ ಅರ್ಥಿಗೆ ಸೇರಿರುವ ಬಹಳ ಹಳೆಯ ಬಗೆಯದಾದರೆ ಇದನ್ನು ಮೆಕ್ಯಾನಿಕ್ಕಿಗೇ ಬಿಡಿ.

ಸೆಲ್ಫನ್ನು ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ನಡುವೆ ಒಂದೆರಡು ನಿಮಿಷ ಬಿಡುವು ಕೊಡಿ. ಇದಕ್ಕೆ ಕಾರಣವುಂಟು. ಹಿಂದೆ ಮೋಟಾರು ಕಾರುಗಳನ್ನು ಕೈಯಿಂದ ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುತ್ತಿದ್ದರು. ಹ್ಯಾಂಡಲ್ ಹಿಂದಕ್ಕೆ ಒದ್ದು ಕೈ ಮುರಿಯುತ್ತಿತ್ತು. 1912ರ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸೆಲ್ಫ್ ಬಂದಿತು. ಅದನ್ನು ರೂಪಿಸಿದ ಚಾರ್ಲ್ಸ್ ಕೆಟರಿಂಗ್ ಅಮೆರಿಕದ ಓಹಾಯೋ ಪ್ರಾಂತದ ಒಕ್ಕಲು ಮನೆಯಲ್ಲಿ ಹುಟ್ಟಿದವನು. ಚಿಕ್ಕ ಮೋಟಾರಿನಿಂದಲೂ ಸ್ವಲ್ಪ ಹೊತ್ತು ಮಾತ್ರ ಅದರ ಶಕ್ತಿಗೆ ಮೀರಿದ ಕೆಲಸ ತೆಗೆಯಬಹುದೆಂಬುದೇ ಅವನ ಯುಕ್ತಿ. ಬಿಡದೆ ಹೊಡೆದರೆ ಅದರ ಸುರುಳಿ ಸುಟ್ಟುಹೋಗುತ್ತದೆ.

ಸ್ಟಾರ್ಟ್ ಆದ ಮೇಲೆ ಮುಗಿಯಲಿಲ್ಲ

ಟ್ರ್ಯಾಕ್ಟರು ಹೊರಟಿತೆಂದು ಹೊಲಕ್ಕೆ ಓಡಿದರೆ ನಾಳೆ ಮತ್ತೆ ಇದೇ ಕಥೆ. ಬ್ಯಾಟರಿ ಏಕೆ ಇಳಿಯಿತು ಎಂದು ಕೇಳಿಕೊಳ್ಳಿ. ರಾತ್ರಿ ದೀಪ ಆರಿಸಲು ಮರೆತರೆ 9 ಆಂಪಿಯರಿನಂತೆ ಹರಿದು, 80 ಆಂಪಿಯರ್-ಗಂಟೆಯ ಬ್ಯಾಟರಿ ಬೆಳಗಾಗುವುದರೊಳಗೆ ಬರಿದಾಗುತ್ತದೆ. ಹಾಗೇನೂ ಆಗಿರದಿದ್ದರೆ ಕೆರೆಗೆ ನೀರು ಬರುವ ಹಳ್ಳವನ್ನು ನೋಡಬೇಕು, ಅದು ಆಲ್ಟರ್ನೇಟರು. ಎಂಜಿನ್ನು ಸಾಕಷ್ಟು ವೇಗದಲ್ಲಿ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ ಸುಮಾರು 13.8ರಿಂದ 14.5 ವೋಲ್ಟು ಕಾಣಬೇಕು. 13ನ್ನು ದಾಟದಿದ್ದರೆ ಚಾರ್ಜಾಗುತ್ತಿಲ್ಲ. ಎಂಜಿನ್ನು ನಿಲ್ಲಿಸಿ ಬೆಲ್ಟು ಸಡಿಲವಿದೆಯೇ, ತಂತಿ ಕಳಚಿದೆಯೇ ಎಂದು ನೋಡಿ. 15ನ್ನು ಮೀರಿದರೆ ಅತಿಯಾಗಿ ಚಾರ್ಜಾಗಿ ಬ್ಯಾಟರಿಯ ನೀರು ಕುದಿದು ಹೋಗುತ್ತದೆ.

ಆಲ್ಟರ್ನೇಟರು ಕೆಲಸ ಮಾಡುತ್ತಿದೆಯೇ ಎಂದು ನೋಡಲು ಎಂಜಿನ್ನು ಓಡುವಾಗ ಬ್ಯಾಟರಿಯ ಟರ್ಮಿನಲ್ಲು ಕೀಳುವ ಪದ್ಧತಿಯೊಂದಿದೆ. ಇದನ್ನು ಬಿಡಬೇಕು, ಅದರೊಳಗಿನ ಡಯೋಡುಗಳು ಒಂದೇ ಕ್ಷಣದಲ್ಲಿ ಹೋಗುತ್ತವೆ. ಟ್ರ್ಯಾಕ್ಟರಿಗೆ ಸೇರಿದ ಉಪಕರಣಕ್ಕೆ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿಯ ತಂತಿ ಬಿಚ್ಚಿರಬೇಕು. ಫ್ಯೂಸು ಹೋದರೆ ಅದೇ ಆಂಪಿಯರಿನ ಫ್ಯೂಸು ಹಾಕಿ. ಅದರ ಬದಲು ತಾಮ್ರದ ತಂತಿ ಸುತ್ತಿದರೆ, ಮುಂದೆ ಸುಡುವುದು ಫ್ಯೂಸಲ್ಲ, ತಂತಿಗಳೆಲ್ಲ. ಹಿಂದಿನ ಟ್ರೇಲರಿನಲ್ಲಿ ಹುಲ್ಲಿದ್ದರೆ ಆಮೇಲೆ ಏನಾದೀತೆಂದು ಹೇಳಬೇಕಾಗಿಲ್ಲ.

ಕೆಲಸವಿಲ್ಲದ ತಿಂಗಳುಗಳಲ್ಲಿ

ಸುಗ್ಗಿ ಮುಗಿದ ಮೇಲೆ ಎರಡು ಮೂರು ತಿಂಗಳು ಟ್ರ್ಯಾಕ್ಟರನ್ನು ಮೂಲೆಗೆ ನಿಲ್ಲಿಸಿ, ಮಳೆ ಬಂದ ದಿನ ಬಂದು ಕೀಲಿಕೈ ತಿರುಗಿಸುವವರು ಬಹಳ. ಸುಮ್ಮನಿದ್ದರೂ ಬ್ಯಾಟರಿ ತಾನಾಗಿ ಇಳಿಯುತ್ತದೆ. ಬೇಸಿಗೆಯ ಕಾವಿನಲ್ಲಿ ಇನ್ನೂ ಬೇಗ. ಇಳಿದ ಬ್ಯಾಟರಿ ಹಾಗೆಯೇ ಬಿದ್ದಿದ್ದರೆ ಅದರ ಸೀಸದ ಪಟ್ಟಿಗಳ ಮೇಲೆ ಗಟ್ಟಿಯಾದ ಪದರ ಕಟ್ಟಿ, ಮತ್ತೆ ಚಾರ್ಜು ಹಿಡಿಯುವುದಿಲ್ಲ. ಆದುದರಿಂದ ನಿಲ್ಲಿಸುವ ಮುನ್ನ ಪೂರ್ತಿ ಚಾರ್ಜು ಮಾಡಿ, ಮೈನಸ್ ತುದಿ ಬಿಚ್ಚಿಡಿ. ತಿಂಗಳಿಗೊಮ್ಮೆ ಅಳೆದು 12.4ಕ್ಕಿಂತ ಕಡಿಮೆಯಾಗಿದ್ದರೆ ಚಾರ್ಜು ಮಾಡಿಸಿ.

ನೀರು ಹಾಕುವ ಬಗೆಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬಾವಿಯ ನೀರು, ಬೋರಿನ ನೀರು ಬೇಡ. ಅದರಲ್ಲಿರುವ ಲವಣಗಳು ಪಟ್ಟಿಗಳನ್ನು ಕೆಡಿಸುತ್ತವೆ. ನೀರು ಇಳಿದಿದೆಯೆಂದು ಆಮ್ಲ ಸುರಿಯಲೂಬಾರದು. ಆವಿಯಾಗಿ ಹೋಗುವುದು ನೀರೇ ಹೊರತು ಆಮ್ಲವಲ್ಲ. ಬ್ಯಾಟರಿ ಅಲ್ಲಾಡದಂತೆ ಅದರ ಪಟ್ಟಿಯನ್ನು ಬಿಗಿದಿಡಿ. ಗದ್ದೆ ಬದುಗಳ ಕುಲುಕಾಟದಿಂದ ಕೆಡುವ ಬ್ಯಾಟರಿಗಳು ಕಡಿಮೆಯಲ್ಲ.

ನೆನಪಿನಲ್ಲಿಡತಕ್ಕ ಮಾತುಗಳು

1. ಮೊದಲು ಸದ್ದು ಕೇಳಿ, ಆಮೇಲೆ ದೀಪ ಹಚ್ಚಿ ನೋಡಿ, ಆಮೇಲೆ ಜೋಡಣೆ ಮುಟ್ಟಿ, ಆಮೇಲೆ ಬ್ಯಾಟರಿ ಅಳೆಯಿರಿ. ಕೊಳ್ಳುವುದು ಎಲ್ಲಕ್ಕಿಂತ ಕಡೆಯದು.
2. ಹೋಗುವ ಕೇಬಲ್ಲಿನಷ್ಟೇ ಬರುವ ಅರ್ಥ್ ಕೇಬಲ್ಲನ್ನೂ ನೋಡಿ.
3. ದೀಪ ಉರಿದ ಮಾತ್ರಕ್ಕೆ ಸೆಲ್ಫಿಗೆ ಸಾಕಷ್ಟು ಬಲ ಮುಟ್ಟುತ್ತಿದೆಯೆಂದು ತಿಳಿಯಬೇಡಿ.
4. ಸ್ಟಾರ್ಟ್ ಮಾಡುವುದು ಸೀಟಿನ ಮೇಲಿಂದ ಮಾತ್ರ.

ಇಷ್ಟು ನೋಡಿಯೂ ತಿಳಿಯದಿದ್ದರೆ, ಅಥವಾ ಬ್ಯಾಟರಿ ಮತ್ತು ಜೋಡಣೆಗಳು ಸರಿಯಿದ್ದೂ ‘ಟಕ್’ ಎಂದು ನಿಂತರೆ, ಬಲವಂತ ಮಾಡದೆ ಮೆಕ್ಯಾನಿಕ್ಕನ್ನು ಕರೆಯಿರಿ. ಆಗಲೂ ನಿಮ್ಮ ಶ್ರಮ ವ್ಯರ್ಥವಲ್ಲ. ‘ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಬನ್ನಿ’ ಎಂದು ಕರೆಯುವುದು ಬೇರೆ, ‘ಬ್ಯಾಟರಿ 12.6 ಇದೆ, ಟರ್ಮಿನಲ್ಲು ಉಜ್ಜಿದ್ದೇವೆ, ಅಪ್ಪಣೆಯ ತಂತಿಗೆ ದೀಪ ಹತ್ತುತ್ತದೆ, ಸೊಲೆನಾಯ್ಡು ಎಳೆಯುತ್ತಿಲ್ಲ’ ಎಂದು ಹೇಳಿ ಕರೆಯುವುದು ಬೇರೆ. ಎರಡನೆಯ ರೀತಿಯಲ್ಲಿ ಹೇಳಿದರೆ ಅವನು ಬೇಕಾದ ಭಾಗವನ್ನು ಜೊತೆಯಲ್ಲೇ ತರುತ್ತಾನೆ; ಬೇಡದ ಭಾಗವನ್ನು ನಿಮಗೆ ಮಾರಲಾರ.

ಮುಂಗಾರು ಹತ್ತಿರವಿದೆ. ಈ ವಾರವೇ ಒಂದು ಸಂಜೆ ಎಮರಿ ಕಾಗದ, ಸ್ಪ್ಯಾನರು ಹಿಡಿದು ಆ ನಾಲ್ಕು ಜೋಡಣೆಗಳನ್ನು ನೋಡಿಬಿಡಿ. ಮನೆಯ ಮಕ್ಕಳನ್ನು ದೂರದಲ್ಲಿ ನಿಲ್ಲಿಸಿ ತೋರಿಸಿ. ನಾಳೆ ಟ್ರ್ಯಾಕ್ಟರು ನಡೆಸುವವರು ಅವರೇ ಅಲ್ಲವೇ.